ಕೊರಳಿಗೆ ಇನ್ನೊಂದು ಸರ

ದೆಹಲಿಗೆ ಬಂದು 26 ವರ್ಷವಾಯಿತು. ಅದರಲ್ಲಿ ಹೆಚ್ಚಿನ ಕಾಲ ನಾನು ಓಡಾಡಿದ್ದು ಲೋಧಿ ಕಾಲೊನಿಯ ಆಸುಪಾಸಿನಲ್ಲೇ. ಮಗಳು ಓದಿದ ದೆಹಲಿ ಕನ್ನಡ ಶಾಲೆ ಪಕ್ಕದ ಲೋಧಿ ಎಸ್ಟೇಟಿನಲ್ಲಿದೆ. ಅವಳನ್ನು ಕರೆತರಲು ಬೇಗ ಹೋದ ದಿನಗಳಲ್ಲಿ ಈ ಕಾಲೊನಿಯ ಮರಗಳ ನೆರಳಲ್ಲಿ ಎಷ್ಟೋ ಮಧ್ಯಾಹ್ನ ಕಳೆದಿದ್ದೇನೆ. ಬ್ರಿಟಿಷರು 1940ರ ದಶಕದಲ್ಲಿ ಸರ್ಕಾರಿ ನೌಕರರಿಗಾಗಿ ಕಟ್ಟಿಸಿದ ಬಡಾವಣೆ ಇದು. ಎತ್ತರದ ಕಮಾನುಗಳು, ಮನೆಗಳ ನಡುವೆ ಹುಲ್ಲಿನ ಅಂಗಳ. ಈಗ ಗೋಡೆಗಳ ತುಂಬ ಆಳೆತ್ತರಕ್ಕಿಂತ ದೊಡ್ಡ ಚಿತ್ರಗಳಿವೆ, ಅವುಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ಹುಡುಗ ಹುಡುಗಿಯರಿದ್ದಾರೆ.

ನನಗೆ ಹತ್ತಿರದ ಇನ್ನೊಂದು ಊರು ರಾಮನಗರ. ಅಮ್ಮನ ತವರು ಅಲ್ಲಿಗೆ ಸಮೀಪದ ಒಂದು ಹಳ್ಳಿ. ಬೇಸಿಗೆ ರಜೆಯಲ್ಲಿ ರೈಲಿನಲ್ಲಿ ಹೋಗುವಾಗ ಬಂಡೆಗಳ ಬೆಟ್ಟ ಕಂಡರೆ ಅಜ್ಜಿ ಮನೆ ಬಂತು ಎಂದು ನಾವು ಮಕ್ಕಳು ಕೂಗುತ್ತಿದ್ದೆವು. ಈ ಎರಡು ಊರುಗಳಿಗೂ ಏನೋ ನಂಟಿದೆ ಎಂದು ಯಾರಾದರೂ ಹೇಳಿದ್ದರೆ ನಾನು 'ಶೋಲೆ' ಸಿನಿಮಾದ ಮಾತಿರಬೇಕು ಅಂದುಕೊಳ್ಳುತ್ತಿದ್ದೆ. ನಂಟು ಬೇರೆಯದೇ ಇದೆ. ಅದು ಒಂದು ಮಣಿಸರ.

ಸ್ವತಂತ್ರ ಭಾರತದ ಸರ್ಕಾರ ಕುಟುಂಬ ಯೋಜನೆಯ ತನ್ನ ಮೊದಲ ಪ್ರಯೋಗಕ್ಕೆ ಆರಿಸಿಕೊಂಡದ್ದು ಎರಡು ಜಾಗಗಳನ್ನು: ದೆಹಲಿಯ ಲೋಧಿ ಕಾಲೊನಿ ಮತ್ತು ಆಗಿನ ಮೈಸೂರು ರಾಜ್ಯದ ರಾಮನಗರ. ಮುಟ್ಟಿನ ದಿನಗಳನ್ನು ಲೆಕ್ಕ ಹಾಕಿ, ತಿಂಗಳ ಯಾವ ರಾತ್ರಿಗಳಲ್ಲಿ ಗಂಡ ಹೆಂಡತಿ ದೂರವಿರಬೇಕು ಎಂದು ಕಲಿಸುವ ಪ್ರಯೋಗ ಅದು. ಕಲಿಸಲು ಬಳಸಿದ್ದು ಹಸಿರು ಮತ್ತು ಕೆಂಪು ಮಣಿಗಳ ಸರ. ಇದನ್ನು ಓದಿ ತಿಳಿದ ದಿನದಿಂದ ನನ್ನನ್ನು ಒಂದು ಪ್ರಶ್ನೆ ಕಾಡುತ್ತಿದೆ. ಆ ಸರ ಯಾಕೆ ಸೋತಿತು?

*

ಮೊದಲು ಅಜ್ಜಿಯ ಮನೆಯ ಲೆಕ್ಕದಿಂದ ಶುರು ಮಾಡುತ್ತೇನೆ.

ಆ ಮನೆಯಲ್ಲಿ ಮುಟ್ಟು ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. 'ಕಾಗೆ ಮುಟ್ಟಿತು' ಅನ್ನುತ್ತಿದ್ದರು, ಇಲ್ಲವೆ 'ಹೊರಗಾಗಿದ್ದಾಳೆ', 'ದೂರ ಇದ್ದಾಳೆ'. ಆರೇಳು ವರ್ಷದವಳಿದ್ದಾಗ ಚಿಕ್ಕಮ್ಮನನ್ನು ಮುಟ್ಟಿದ ಆ ಕಾಗೆಯನ್ನು ಓಡಿಸಲು ನಾನು ಕೋಲು ಹಿಡಿದು ಹಿತ್ತಿಲಲ್ಲಿ ಕಾದಿದ್ದೆನಂತೆ. ಮೂರು ದಿನ ಹಜಾರದ ಮೂಲೆಯಲ್ಲಿ ಚಾಪೆ, ಬೇರೆ ತಟ್ಟೆ, ಬೇರೆ ಚೊಂಬು. ನಾಲ್ಕನೆಯ ದಿನ ತಲೆಗೆ ಸ್ನಾನ. ಐದನೆಯ ದಿನ ದೇವರ ಮನೆ. ಅಡುಗೆ ಮನೆಗೆ ಹೋಗುವಂತಿಲ್ಲ, ಆದರೆ ಹೊಲಕ್ಕೆ ಹೋಗಿ ಕಳೆ ಕೀಳಬಹುದು. ಮೈಲಿಗೆಗೂ ಒಂದು ಕೃಷಿ ನೀತಿ ಇತ್ತು!

ಅಡುಗೆ ಮನೆಯ ಬಾಗಿಲ ಹಿಂದೆ, ಹೊರಗಿನವರಿಗೆ ಕಾಣದ ಜಾಗದಲ್ಲಿ, ಇದ್ದಿಲಿನ ಗೆರೆಗಳಿದ್ದವು. ಅಜ್ಜಿಯದೊಂದು ಸಾಲು, ಅಜ್ಜಿಯ ಓರಗಿತ್ತಿಯದೊಂದು, ಸೊಸೆಯದೊಂದು. ಯಾರು ಯಾವಾಗ ಒಳಗೆ ಬರುವಂತಿಲ್ಲ ಎಂದು ಮೊದಲೇ ಗೊತ್ತಿದ್ದರೆ ಮನೆ ನಡೆಯುತ್ತದೆ. ಗೌರಿ ಹಬ್ಬಕ್ಕೆ ಯಾರು ಬಾಗಿನ ಸಿದ್ಧ ಮಾಡಬೇಕು, ಒಂದೇ ಹೊತ್ತಿಗೆ ಇಬ್ಬರು 'ಹೊರಗೆ' ಕೂತರೆ ಮುದ್ದೆ ಯಾರು ತಿರುವಬೇಕು ಎನ್ನುವುದು ಆ ಗೆರೆಗಳಲ್ಲಿ ತೀರ್ಮಾನವಾಗುತ್ತಿತ್ತು. ಹಬ್ಬಕ್ಕೆ ಲೆಕ್ಕ ತಪ್ಪಿದರೆ ಅಜ್ಜಿ ಎರಡು ದಿನ ಮುಖ ಗಂಟು ಹಾಕಿಕೊಂಡಿರುತ್ತಿದ್ದರು.

ಅಜ್ಜಿಯದು ರೇಷ್ಮೆ ಹುಳು ಸಾಕುವ ಮನೆಯೂ ಹೌದು. ರಾಮನಗರ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಳು ಚಾಕಿಯಿಂದ ಹಣ್ಣಾಗಿ ಚಂದ್ರಂಕಿ ಹತ್ತುವವರೆಗೆ ಸುಮಾರು 25ರಿಂದ 28 ದಿನ. ನಡುವೆ ನಾಲ್ಕು ಸಲ ಪೊರೆ ಬಿಡುತ್ತದೆ, ಅದನ್ನು ರೈತರು 'ಜ್ವರ' ಅನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ ಎಂದು ಎಣಿಸುತ್ತ, ಯಾವ ದಿನ ಸೊಪ್ಪು ಹಾಕಬೇಕು, ಯಾವ ದಿನ ನಿಲ್ಲಿಸಬೇಕು, ಎಲೆ ಎಳೆಯದಿರಬೇಕೋ ಬಲಿತದ್ದಿರಬೇಕೋ ಎಂದು ನೋಡುತ್ತ ಮನೆಯ ಹೆಂಗಸರು ಸರಿರಾತ್ರಿಯಲ್ಲೂ ಎದ್ದು ತಟ್ಟೆಗಳ ಮೇಲೆ ಕಣ್ಣಾಡಿಸುತ್ತಿದ್ದರು. 'ಹೊರಗಾದವರು' ಹುಳುವಿನ ಕೋಣೆಗೆ ಕಾಲಿಡುವಂತಿರಲಿಲ್ಲ. ಹಾಗಾಗಿ ಹುಳುವಿನ ತಿಂಗಳು ಮತ್ತು ಹೆಂಗಸರ ತಿಂಗಳು ಎರಡನ್ನೂ ಒಟ್ಟಿಗೆ ಲೆಕ್ಕ ಹಾಕಬೇಕಿತ್ತು. ಓದು ಬರಹ ಬಾರದ ಅಜ್ಜಿ ಈ ಎರಡು ಲೆಕ್ಕವನ್ನೂ ಸಲೀಸಾಗಿ ಇಟ್ಟುಕೊಂಡಿದ್ದರು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಬೇಕಾಗುತ್ತದೆ.

ಅಜ್ಜಿಯ ಕಟ್ಟಳೆಯ ಹಿಂದೆ ತುಂಬ ಹಳೆಯ ಶಾಸ್ತ್ರವೂ ಇತ್ತು. ಮನುಸ್ಮೃತಿ ಮುಟ್ಟು ಶುರುವಾದ ದಿನದಿಂದ 16 ರಾತ್ರಿಗಳನ್ನು ಋತುಕಾಲ ಎಂದು ಎಣಿಸುತ್ತದೆ. ಅದರಲ್ಲಿ ಮೊದಲ ನಾಲ್ಕು ನಿಷಿದ್ಧ, 11 ಮತ್ತು 13ನೆಯವೂ ನಿಷಿದ್ಧ. ಉಳಿದವುಗಳಲ್ಲಿ ಸರಿ ರಾತ್ರಿ ಗಂಡು ಮಗುವಿಗೆ, ಬೆಸ ರಾತ್ರಿ ಹೆಣ್ಣು ಮಗುವಿಗೆ. ಸುಶ್ರುತ ಸಂಹಿತೆ 12 ರಾತ್ರಿ ಎನ್ನುತ್ತದೆ. ಹಗಲು ಮುಗಿದಾಗ ಕಮಲ ಮುಚ್ಚಿಕೊಳ್ಳುವಂತೆ ಋತುಕಾಲ ಮುಗಿದ ಮೇಲೆ ಗರ್ಭದ ದಾರಿಯೂ ಮುಚ್ಚಿಕೊಳ್ಳುತ್ತದೆ ಎಂಬ ಹೋಲಿಕೆ ಅದರಲ್ಲಿದೆ. ಸರಿ ಬೆಸದ ಮಾತಿಗೆ ಅರ್ಥವಿಲ್ಲ. ಆದರೆ ಮಗು ನಿಲ್ಲುವ ದಿನಗಳು ಸ್ನಾನದ ನಂತರ, ತಿಂಗಳ ನಡುವಿನವರೆಗೆ ಬರುತ್ತವೆ ಎಂಬ ಅಂದಾಜು ಸುಮಾರಾಗಿ ಸರಿಯೇ. ಈ ಲೆಕ್ಕ ಇದ್ದದ್ದು ಮಗು ಆಗಲೆಂದು, ಅದರಲ್ಲೂ ಗಂಡು ಮಗು ಆಗಲೆಂದು.

ಈ ಕಟ್ಟಳೆಯನ್ನು ಕನ್ನಡ ನಾಡಿನಲ್ಲೇ ಎದುರಿಸಿದವರೂ ಇದ್ದಾರೆ. 12ನೆಯ ಶತಮಾನದ ಶರಣರು ಐದು ಸೂತಕಗಳನ್ನು ಒಪ್ಪಲಿಲ್ಲ. ಅವುಗಳಲ್ಲಿ ರಜಸ್ಸೂತಕವೂ ಒಂದು. ಇಷ್ಟಲಿಂಗ ಮೈಮೇಲಿದ್ದವಳಿಗೆ ಮೂರು ದಿನದ ಮೈಲಿಗೆ ಎಲ್ಲಿಯದು ಎಂಬುದು ಅವರ ವಾದ. ಎಂಟು ನೂರು ವರ್ಷದ ಮೇಲೂ ನಮ್ಮ ಹಜಾರದ ಮೂಲೆಯಲ್ಲಿ ಆ ಚಾಪೆ ಇತ್ತು ಎನ್ನುವುದು ಬೇರೆ ಮಾತು.

*

ಈಗ ಅಜ್ಜಿಯ ಹಜಾರದಿಂದ ಆಸ್ಪತ್ರೆಗಳ ಕಡೆಗೆ ಹೋಗೋಣ. ಮುಟ್ಟಿನ ಲೆಕ್ಕದ ಬಗ್ಗೆ ಆಧುನಿಕ ವೈದ್ಯರಿಗೆ ಸರಿಯಾದ ತಿಳಿವಳಿಕೆ ಬಂದದ್ದು ಬಹಳ ತಡವಾಗಿ. 19ನೆಯ ಶತಮಾನದ ಯುರೋಪಿನ ಅನೇಕ ವೈದ್ಯರು ಮುಟ್ಟನ್ನು ಪ್ರಾಣಿಗಳ ಬೆದೆಯ ರಕ್ತದ ಜೊತೆ ಹೋಲಿಸಿದರು. ಹಾಗಾಗಿ ಮುಟ್ಟಿನ ಹಿಂದು ಮುಂದಿನ ದಿನಗಳಲ್ಲೇ ಮಗು ನಿಲ್ಲುತ್ತದೆ, ತಿಂಗಳ ನಡುಭಾಗ ಸುರಕ್ಷಿತ ಎಂದು ದಂಪತಿಗಳಿಗೆ ಬುದ್ಧಿ ಹೇಳಿದರು. ನಿಜ ಇದಕ್ಕೆ ತೀರ ಉಲ್ಟಾ.

ಸರಿಪಡಿಸಿದವರು ಇಬ್ಬರು. ಜಪಾನಿನ ಕ್ಯೂಸಾಕು ಒಗಿನೊ 1924ರಲ್ಲಿ, ಆಸ್ಟ್ರಿಯಾದ ಹೆರ್ಮನ್ ಕ್ನೌಸ್ ಅದೇ ದಶಕದ ಕೊನೆಗೆ, ಒಬ್ಬರನ್ನೊಬ್ಬರು ಅವಲಂಬಿಸದೆ ಒಂದೇ ಸತ್ಯಕ್ಕೆ ಬಂದರು. ಅಂಡ ಬಿಡುಗಡೆಯಾಗುವುದು ಹೆಚ್ಚುಕಡಿಮೆ ಮುಂದಿನ ಮುಟ್ಟಿಗೆ ಎರಡು ವಾರ ಮೊದಲು. ಹಿಂದಿನ ಮುಟ್ಟಿನಿಂದ ಮುಂದಕ್ಕೆ ಎಣಿಸಿದರೆ ಆ ದಿನ ಸಿಗುವುದಿಲ್ಲ, ಇನ್ನೂ ಬಾರದ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು. ತೊಡಕು ಇರುವುದು ಇಲ್ಲೇ. ಬಾರದಿರುವುದನ್ನು ಎಣಿಸುವುದು ಹೇಗೆ? ಅದಕ್ಕೆ ಒಂದು ಸೂತ್ರ ಹುಟ್ಟಿತು. ಹಲವು ತಿಂಗಳ ಲೆಕ್ಕ ಬರೆದಿಡಿ. ಅತಿ ಚಿಕ್ಕ ಚಕ್ರದಿಂದ 18 ಕಳೆಯಿರಿ, ಅದು ಎಚ್ಚರಿಕೆಯ ಮೊದಲ ದಿನ. ಅತಿ ದೊಡ್ಡ ಚಕ್ರದಿಂದ 11 ಕಳೆಯಿರಿ, ಅದು ಕೊನೆಯ ದಿನ.

ಇದನ್ನು ಕಾಗದದ ಮೇಲೆ ಮಾಡಿ ನೋಡಿ. ತಿಂಗಳು ತಪ್ಪದೆ 28 ದಿನಕ್ಕೇ ಮುಟ್ಟಾಗುವವಳಿಗೆ 10ರಿಂದ 17ರವರೆಗೆ, ಅಂದರೆ 8 ದಿನ ದೂರವಿದ್ದರೆ ಸಾಕು. 26ರಿಂದ 30 ದಿನಗಳ ನಡುವೆ ಏರಿಳಿಯುವವಳಿಗೆ 8ರಿಂದ 19, ಅಂದರೆ 12 ದಿನ. 24ರಿಂದ 34ರವರೆಗೆ ಓಡಾಡುವವಳಿಗೆ 6ರಿಂದ 23, ಅಂದರೆ 18 ದಿನ. ಬಾಣಂತಿಗೆ, ಎದೆಹಾಲು ಕುಡಿಸುವವಳಿಗೆ ಲೆಕ್ಕವೇ ಇಲ್ಲ. ಒಗಿನೊಗೆ ತಮ್ಮ ಸಂಶೋಧನೆಯನ್ನು ಗರ್ಭ ತಡೆಯಲು ಬಳಸುವುದು ಇಷ್ಟವಿರಲಿಲ್ಲ. ಮಕ್ಕಳು ಬೇಕೆನ್ನುವವರಿಗೆ ಅದು ನೆರವಾಗಲಿ ಎಂದು ಅವರು ಬಯಸಿದ್ದರು. ಆದರೆ ಜಗತ್ತು ಅದನ್ನು 'ಸುರಕ್ಷಿತ ದಿನಗಳ ವಿಧಾನ' ಮಾಡಿಕೊಂಡಿತು.

*

ಈ ವಿಧಾನ ಭಾರತದ ಸರ್ಕಾರಕ್ಕೆ ಯಾಕೆ ಹಿಡಿಸಿತು? ಬೇರೆ ದಾರಿಗಳು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂದೇನಲ್ಲ. ಮುಂಬೈಯಲ್ಲಿ ರಘುನಾಥ ಧೋಂಡೊ ಕರ್ವೆ 1921ರಲ್ಲೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿದ್ದರು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸಂಸ್ಥಾನ 1930ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲೇ ಇಂಥ ಕ್ಲಿನಿಕ್‌ಗಳಿಗೆ ಆದೇಶ ಹೊರಡಿಸಿತ್ತು. ಸರ್ಕಾರವೊಂದು ಹೀಗೆ ಮಾಡಿದ್ದು ಆ ಕಾಲಕ್ಕೆ ಜಗತ್ತಿನಲ್ಲೇ ಹೊಸದು. 1949ರಲ್ಲಿ ಮುಂಬೈಯಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘವನ್ನು ಕಟ್ಟಿದ ಧನ್ವಂತಿ ರಾಮರಾವ್ ಹುಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ಆಗ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಬೆನಗಲ್ ರಾಮರಾವ್ ಅವರ ಪತಿ.

ಆದರೆ ದೆಹಲಿಯಲ್ಲಿ ಆರೋಗ್ಯ ಮಂತ್ರಿಯಾಗಿದ್ದವರು ರಾಜಕುಮಾರಿ ಅಮೃತ್ ಕೌರ್. ವರ್ಷಗಟ್ಟಲೆ ಗಾಂಧೀಜಿಯ ಕಾರ್ಯದರ್ಶಿಯಾಗಿದ್ದವರು. ಅಮೆರಿಕದ ಮಾರ್ಗರೆಟ್ ಸ್ಯಾಂಗರ್ 1935ರ ಡಿಸೆಂಬರಿನಲ್ಲಿ ವಾರ್ಧಾಕ್ಕೆ ಬಂದು ಗಾಂಧೀಜಿಯ ಜೊತೆ ವಾದಿಸಿದ್ದರು. ಉಪಕರಣ, ಔಷಧಿಗಳಿಗೆ ಗಾಂಧೀಜಿ ಒಪ್ಪಲೇ ಇಲ್ಲ. ಸಂಯಮವೇ ದಾರಿ ಎಂದರು. ಸುರಕ್ಷಿತ ದಿನಗಳ ವಿಧಾನದಲ್ಲಿ ಕೆಲವು ದಿನವಾದರೂ ಸಂಯಮ ಇರುವುದರಿಂದ ಅದರ ಬಗ್ಗೆ ಮಾತ್ರ ತಮಗೆ ಅಷ್ಟು ವಿರೋಧವಿಲ್ಲ ಎಂದರು. ಅಮೃತ್ ಕೌರ್ ಹಿಡಿದದ್ದು ಈ ಸಣ್ಣ ಎಳೆಯನ್ನು.

1951ರ ಜನಗಣತಿ 36 ಕೋಟಿ ಜನರನ್ನು ಲೆಕ್ಕ ಹಾಕಿತು. ಮೊದಲ ಪಂಚವಾರ್ಷಿಕ ಯೋಜನೆ ಕುಟುಂಬ ಯೋಜನೆಗೆ 65 ಲಕ್ಷ ರೂಪಾಯಿ ಇಟ್ಟಿತು. ಜನಸಂಖ್ಯೆಯನ್ನು ಹಿಡಿತದಲ್ಲಿಡುವುದು ಸರ್ಕಾರದ ಕೆಲಸ ಎಂದು ಅಧಿಕೃತವಾಗಿ ಒಪ್ಪಿಕೊಂಡ ಮೊದಲ ದೇಶ ಭಾರತವಾಯಿತು. ಅಮೃತ್ ಕೌರ್ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಕೇಳಿದರು, ಅದೂ ಸುರಕ್ಷಿತ ದಿನಗಳ ವಿಧಾನಕ್ಕೆ ಮಾತ್ರ. 1951ರ ಕೊನೆಯಲ್ಲಿ ನ್ಯೂಯಾರ್ಕಿನಿಂದ ಡಾ. ಏಬ್ರಹಾಂ ಸ್ಟೋನ್ ಬಂದರು. ಸ್ಯಾಂಗರ್ ಹೆಸರಿನ ಸಂಶೋಧನಾ ಕೇಂದ್ರವನ್ನು ನಡೆಸುತ್ತಿದ್ದವರು ಅವರು. ತಮ್ಮ ಕ್ಲಿನಿಕ್‌ನಲ್ಲಿ ಹೆಚ್ಚು ಭರವಸೆಯ ಬೇರೆ ವಿಧಾನಗಳನ್ನು ಕೊಡುತ್ತಿದ್ದ ವೈದ್ಯರು ಇಲ್ಲಿ ಮಾತ್ರ ದಿನಗಳ ಲೆಕ್ಕವನ್ನು ಕಲಿಸಬೇಕಾಯಿತು.

ಜಾಗಗಳ ಆಯ್ಕೆಗೆ ಅರ್ಥವಿತ್ತು. ಲೋಧಿ ಕಾಲೊನಿಯಲ್ಲಿ ಇದ್ದದ್ದು ದೇಶದ ಮೂಲೆಮೂಲೆಯಿಂದ ಬಂದ ಸರ್ಕಾರಿ ನೌಕರರು, ಅವರ ಸಂಸಾರಗಳು. ಓದು ಬರಹ ಬಲ್ಲವರು, ಗೋಡೆಗೆ ಕ್ಯಾಲೆಂಡರ್ ತೂಗುಹಾಕಿದವರು. ರಾಮನಗರದ ಸುತ್ತ ಇದ್ದದ್ದು ಹಳ್ಳಿ ಜನ. ಜೊತೆಗೆ ಮೈಸೂರು ಸಂಸ್ಥಾನ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1930ರ ದಶಕದಲ್ಲಿ ಕಟ್ಟಿಕೊಂಡಿದ್ದ ಗ್ರಾಮೀಣ ಆರೋಗ್ಯ ಕೆಲಸದ ಅನುಭವ ಆ ಸೀಮೆಗಿತ್ತು. ಮನೆ ಮನೆಗೆ ಹೋಗಿ ಹೆಂಗಸರ ಜೊತೆ ಮಾತಾಡಬಲ್ಲ ಕಾರ್ಯಕರ್ತೆಯರು ಸಿಗುತ್ತಿದ್ದರು. ಮೊದಲು ತಿಂಗಳುಗಟ್ಟಲೆ ಪ್ರತಿಯೊಬ್ಬಳ ಮುಟ್ಟಿನ ಲೆಕ್ಕ ಬರೆದುಕೊಳ್ಳುವುದು, ಆಮೇಲೆ ಅವಳಿಗೆ ಹೊಂದುವ ದಿನಗಳನ್ನು ಹೇಳುವುದು ಕ್ರಮ.

ಕ್ಯಾಲೆಂಡರ್ ಓದಲು ಬಾರದವರಿಗೆ ಸ್ಟೋನ್ ಯೋಚಿಸಿದ್ದು ಮಣಿಸರ. 28 ಮಣಿ. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಮಣಿ ಬಂದರೆ ಭಯವಿಲ್ಲ. ಕೆಂಪು ಮಣಿ ಬಂದರೆ ಗಂಡನಿಂದ ದೂರ. ಜಪಮಾಲೆ ಎಣಿಸುವ ದೇಶಕ್ಕೆ ಇದು ಸುಲಭವಾಗಿ ಒಗ್ಗುತ್ತದೆ ಎಂದು ಎಣಿಸಿರಬೇಕು.

*

ಒಗ್ಗಲಿಲ್ಲ. ಶುರುವಿನಲ್ಲಿ ಕಲಿಯುತ್ತೇವೆ ಎಂದವರು ಬಹಳ ಮಂದಿ. ಎರಡು ಕಡೆಯೂ ಅದನ್ನು ಬಿಡದೆ ಪಾಲಿಸಿದವರು ಕೆಲವರೇ.

ಆಮೇಲೆ ಈ ಸರದ ಬಗ್ಗೆ ಕಥೆಗಳು ಹುಟ್ಟಿಕೊಂಡು ಜಗತ್ತನ್ನೆಲ್ಲ ಸುತ್ತಿದವು. ಕತ್ತಲಲ್ಲಿ ಕೆಂಪು ಯಾವುದು ಹಸಿರು ಯಾವುದು ಗೊತ್ತಾಗದೆ ಹೋಯಿತಂತೆ, ಅದಕ್ಕೇ ಒಂದು ಬಗೆಯ ಮಣಿಯನ್ನು ಗುಂಡಗೆ, ಇನ್ನೊಂದನ್ನು ಚೌಕಾಕಾರಕ್ಕೆ ಮಾಡಿದರಂತೆ. ಮಣಿಗಳನ್ನು ಹಿಂದು ಮುಂದು ಸರಿಸಿಬಿಟ್ಟರಂತೆ. ಸರ ತೊಟ್ಟರೆ ಸಾಕು, ತಾಯಿತದ ಹಾಗೆ ಅದೇ ಕಾಪಾಡುತ್ತದೆ ಅಂದುಕೊಂಡರಂತೆ. ಮಕ್ಕಳು ಆಟಕ್ಕೆ ತೆಗೆದುಕೊಂಡರಂತೆ. ಜನಸಂಖ್ಯೆಯ ಬಗ್ಗೆ ಬರೆದವರು ಮುಂದೆ ದಶಕಗಟ್ಟಲೆ ಇವನ್ನು ನಗೆಹನಿಗಳಂತೆ ಹೇಳಿಕೊಂಡು ಬಂದರು. ಹಳ್ಳಿಯ ಹೆಂಗಸಿಗೆ ಎಣಿಸಲು ಬರುವುದಿಲ್ಲ ಎನ್ನುವುದು ಎಲ್ಲದರ ತಾತ್ಪರ್ಯ.

ಈ ಕಥೆಗಳನ್ನು ಓದುವಾಗ ನನಗೆ ಬಾಗಿಲ ಹಿಂದಿನ ಇದ್ದಿಲಿನ ಗೆರೆಗಳು ನೆನಪಾಗುತ್ತವೆ. ನಾಲ್ಕು ಜ್ವರಗಳನ್ನು ದಿನ ತಪ್ಪದೆ ಎಣಿಸಿ ಗೂಡು ಕಟ್ಟಿಸುತ್ತಿದ್ದ ರಾಮನಗರದ ಹೆಂಗಸರಿಗೆ 28 ಮಣಿ ಎಣಿಸಲು ಬರಲಿಲ್ಲವೆ? ಹೋಗಲಿ, ಲೋಧಿ ಕಾಲೊನಿಯ ಓದಿದ ಗೃಹಿಣಿಯರಿಗೆ? ಅವರ ಮನೆಯಲ್ಲಿ ವಿದ್ಯುತ್ ದೀಪವೂ ಇತ್ತು, ಕ್ಯಾಲೆಂಡರೂ ಇತ್ತು. ಅಲ್ಲೂ ಸೋತಿತಲ್ಲ!

ತಪ್ಪು ಸರದಲ್ಲೇ ಇತ್ತು ಎಂದು ನನಗೆ ಅನ್ನಿಸುತ್ತದೆ. ಮೊದಲನೆಯದು ಬಣ್ಣ. ನಮ್ಮ ಕಡೆ ಬಸುರಿಗೆ ಸೀಮಂತದಲ್ಲಿ ತೊಡಿಸುವುದು ಹಸಿರು ಬಳೆ. ಮಡಿಲು ತುಂಬುವ ಬಣ್ಣ ಅದು. ಕೆಂಪು ಮುತ್ತೈದೆಯ ಕುಂಕುಮದ್ದು. ಟ್ರಾಫಿಕ್ ದೀಪ ನೋಡಿ ಬೆಳೆದವರಿಗೆ ಕೆಂಪು ಎಂದರೆ ನಿಲ್ಲು, ಹಸಿರು ಎಂದರೆ ಹೋಗು. ಅಜ್ಜಿಯ ಹಳ್ಳಿಯಲ್ಲಿ ಆ ದೀಪ ಎಲ್ಲಿತ್ತು? ಮಗು ಬೇಡ ಎನ್ನುವವಳ ಕೈಗೆ ಹಸಿರನ್ನು ಕೊಟ್ಟು ಇದು ಮಗು ಆಗದ ದಿನ ಎಂದರೆ, ಅವಳ ಕಣ್ಣಿಗೆ ಅದು ತಲೆಕೆಳಗಾದ ಮಾತು.

ಎರಡನೆಯದು ಕೊರಳು. ಅಜ್ಜಿಯ ಗೆರೆ ಬಾಗಿಲ ಹಿಂದೆ ಇತ್ತು. ಮನೆಯ ಹೆಂಗಸರಿಗೆ ಗೊತ್ತು, ಗಂಡಸರಿಗೆ ಬೇಕಿಲ್ಲ. ಈ ಸರ ಕೊರಳಲ್ಲಿ ನೇತಾಡಿದರೆ ಬಾವಿಕಟ್ಟೆಯಲ್ಲಿ, ಗದ್ದೆಯಲ್ಲಿ, ಅತ್ತೆಯ ಎದುರಿಗೆ ಇವತ್ತು ಯಾವ ದಿನ ಎಂದು ಡಂಗುರ ಹೊಡೆದ ಹಾಗೆ. ಕರಿಮಣಿಯ ಪಕ್ಕದಲ್ಲಿ ಇನ್ನೊಂದು ಸರ. ಮೊದಲನೆಯ ಸರ ಇವಳು ಯಾರ ಹೆಂಡತಿ ಎಂದು ಊರಿಗೆ ಹೇಳುತ್ತಿತ್ತು. ಎರಡನೆಯದು ಇವಳ ಇವತ್ತಿನ ರಾತ್ರಿ ಎಂಥದು ಎಂದು ಹೇಳಬೇಕಿತ್ತು. ಯಾವ ಹೆಂಗಸು ತೊಟ್ಟಾಳು?

ಮೂರನೆಯದೇ ಮುಖ್ಯವಾದದ್ದು. ಅದನ್ನು ನನಗೆ ಹೇಳಿಕೊಟ್ಟದ್ದು ಯಾವ ಪುಸ್ತಕವೂ ಅಲ್ಲ.

1952ರಲ್ಲಿ ಅಜ್ಜಿಗೆ ಸುಮಾರು 30 ವರ್ಷ. ಅಷ್ಟರಲ್ಲೇ ಆರು ಹೆರಿಗೆಯಾಗಿತ್ತು, ಆಮೇಲೆ ಇನ್ನೂ ಮೂರಾಯಿತು. ಒಂಬತ್ತರಲ್ಲಿ ಉಳಿದದ್ದು ಐದು. ಅವರ ಹಳ್ಳಿಗೆ ಈ ಸರ ಬಂದಿರಲಿಲ್ಲ. ಅಮ್ಮನಿಗೂ ಅದರ ಸುದ್ದಿ ಗೊತ್ತಿಲ್ಲ. ನನಗೆ ಮದುವೆಯಾದ ಹೊಸದರಲ್ಲಿ ವೈದ್ಯೆಯೊಬ್ಬರು ಕ್ಯಾಲೆಂಡರಿನ ಮೇಲೆ ಗುರುತು ಹಾಕಿ ಸುರಕ್ಷಿತ ದಿನಗಳನ್ನು ವಿವರಿಸಿದ್ದರು. ಊರಿಗೆ ಹೋದಾಗ ಹೊಸ ವಿದ್ಯೆ ಕಲಿತವಳ ಹಮ್ಮಿನಲ್ಲಿ ಅದನ್ನು ಅಜ್ಜಿಗೆ ಹೇಳಿದೆ. "ಇಷ್ಟು ಗೊತ್ತಿದ್ದಿದ್ರೆ ನಿಮಗೆ ಒಂಬತ್ತು ಸಲ ಕಷ್ಟ ಇರ್ತಿರಲಿಲ್ಲ ಅಲ್ವಾ ಅಜ್ಜಿ?"

ಅಜ್ಜಿ ಅವರೆಕಾಳು ಚಿಲುಕಿಸುತ್ತಿದ್ದರು. ತಲೆ ಎತ್ತಲಿಲ್ಲ. "ದಿನ ನಂಗೂ ಗೊತ್ತಿತ್ತು ಕಣವ್ವ. ಸ್ನಾನ ಆದ್ಮೇಲಿನ ದಿನಗಳೇ ನಿಲ್ಲೋ ದಿನ ಅಂತ ನಮ್ಮವ್ವನೇ ಹೇಳಿದ್ಲು. ಗೊತ್ತಿದ್ರೆ ಆಯ್ತಾ? ಕತ್ತಲಾದ್ಮೇಲೆ ದಿನ ಕೇಳೋರ್ಯಾರು?"

ಸರದ ಸೋಲಿಗೆ ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ಸರಿಯಾದ ವರದಿ ನಾನು ಎಲ್ಲೂ ಓದಿಲ್ಲ. ಎಣಿಸುವ ಕೆಲಸ ಹೆಂಗಸಿನದು. ಬೇಡ ಎನ್ನುವ ಅಧಿಕಾರ ಅವಳದಲ್ಲ. ಮಣಿ ಅವಳ ಕೊರಳಲ್ಲಿ, ತೀರ್ಮಾನ ಗಂಡನ ಕೈಯಲ್ಲಿ. ಸಂಯಮ ಎನ್ನುವ ಮಾತನ್ನು ಆಡಿದವರು ಗಂಡಸರ ಸಂಯಮದ ಬಗ್ಗೆಯೇ ಆಡಿರಬಹುದು, ಆದರೆ ಸರವನ್ನು ಅವರ ಕೊರಳಿಗೆ ಹಾಕಲಿಲ್ಲ. ಮೈಲಿಗೆಯ ಮೂರು ದಿನ ಹೆಂಗಸಿಗೆ ಅವಮಾನವೇ. ಆದರೂ ಆ ಮೂರು ರಾತ್ರಿ ಗಂಡ ಹತ್ತಿರ ಬರುತ್ತಿರಲಿಲ್ಲ, ಏಕೆಂದರೆ ಅದಕ್ಕೆ ದೇವರ ಭಯ, ಅತ್ತೆಯ ಕಣ್ಣು, ಊರಿನ ಬಾಯಿ ಕಾವಲಿದ್ದವು. ಕೆಂಪು ಮಣಿಗೆ ಯಾವ ಕಾವಲೂ ಇರಲಿಲ್ಲ.

*

ಮುಂದಿನ ಕಥೆ ಬೇಗ ಹೇಳಬಹುದು. 1951ರ ಅಕ್ಟೋಬರ್ 29ರಂದು ಪೋಪ್ ಹನ್ನೆರಡನೆಯ ಪಯಸ್ ಇಟಲಿಯ ಸೂಲಗಿತ್ತಿಯರನ್ನು ಉದ್ದೇಶಿಸಿ ಮಾತಾಡುತ್ತ, ಗಂಭೀರ ಕಾರಣವಿದ್ದರೆ ಸುರಕ್ಷಿತ ದಿನಗಳನ್ನು ಬಳಸಬಹುದು ಎಂದಿದ್ದರು. ಆದರೂ 1952ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆಯಲ್ಲಿ ಜನಸಂಖ್ಯೆಯ ಮಾತು ಬಂದಾಗ ಕ್ಯಾಥೊಲಿಕ್ ದೇಶಗಳು ತಿರುಗಿಬಿದ್ದವು. ಸಂಸ್ಥೆ ಈ ವಿಷಯದಿಂದ ಕೈ ತೊಳೆದುಕೊಂಡು ಹತ್ತು ವರ್ಷಕ್ಕೂ ಹೆಚ್ಚು ಕಾಲ ದೂರವೇ ಉಳಿಯಿತು.

ಇತ್ತ ನಮ್ಮ ಸರ್ಕಾರ ಲೆಕ್ಕ ಕಲಿಸುವ ಉಸಾಬರಿಯನ್ನೇ ಬಿಟ್ಟಿತು. 1965ರಲ್ಲಿ ಲೂಪ್ ಬಂತು. ಆಮೇಲೆ ಶಸ್ತ್ರಚಿಕಿತ್ಸೆಯ ಶಿಬಿರಗಳು. ತುರ್ತು ಪರಿಸ್ಥಿತಿಯ 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಶಕ್ತಿಹರಣ, ಬಹುಪಾಲು ಗಂಡಸರಿಗೆ. ಅದರ ಸಿಟ್ಟು ಚುನಾವಣೆಯಲ್ಲಿ ಕಂಡಿತು. ಅಲ್ಲಿಂದ ಮುಂದೆ ಯಾವ ಸರ್ಕಾರವೂ ಗಂಡಸರ ತಂಟೆಗೆ ಹೋಗಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ: ಮದುವೆಯಾದ ಹೆಂಗಸರಲ್ಲಿ ಆಪರೇಷನ್ ಮಾಡಿಸಿಕೊಂಡವರು ಶೇ. 37.9, ಗಂಡ ಮಾಡಿಸಿಕೊಂಡವರು ಶೇ. 0.3. ಕೊರಳಲ್ಲಿದ್ದ ಹೊಣೆ ಹೊಟ್ಟೆಗೆ ಇಳಿಯಿತು, ಅಷ್ಟೆ.

ಸರ ಮಾತ್ರ ಸಾಯಲಿಲ್ಲ. 2000ದ ನಂತರ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು 32 ಮಣಿಗಳ ಹೊಸ ಸರ ಮಾಡಿದರು. ಅದು ನಮ್ಮಲ್ಲಿಗೆ 'ಮಾಲಾ ಚಕ್ರ' ಎಂಬ ಹೆಸರಿನಲ್ಲಿ ಬಂತು. ಮುಟ್ಟಿನ ಮೊದಲ ದಿನಕ್ಕೆ ಒಂದು ಕೆಂಪು ಮಣಿ. 8ರಿಂದ 19ರವರೆಗಿನ ದಿನಗಳಿಗೆ ಬಿಳಿ ಮಣಿ, ಉಳಿದವು ಕಂದು. ರಬ್ಬರ್ ಉಂಗುರವನ್ನು ದಿನಕ್ಕೊಂದು ಮಣಿ ಮುಂದೆ ಸರಿಸಬೇಕು. 26ರಿಂದ 32 ದಿನಗಳ ಚಕ್ರ ಇರುವವರಿಗೆ ಮಾತ್ರ ಇದು ಹೊಂದುತ್ತದೆ ಎಂದು ಮೊದಲೇ ಹೇಳುತ್ತಾರೆ. ತಪ್ಪದೆ ಪಾಲಿಸಿದರೆ ವರ್ಷದಲ್ಲಿ ನೂರಕ್ಕೆ 95 ಮಂದಿಗೆ ಗರ್ಭ ನಿಲ್ಲುವುದಿಲ್ಲ, ಸಾಮಾನ್ಯ ಬಳಕೆಯಲ್ಲಿ 88. ಇದನ್ನು ಕಲಿಸುವಾಗ ಗಂಡನನ್ನೂ ಕೂರಿಸಿಕೊಂಡು ಮಾತಾಡಬೇಕು ಎಂಬುದು ಈ ಸಲದ ಪಾಠ. ರಾಮನಗರದಲ್ಲಿ ಬಿಟ್ಟುಹೋದದ್ದು ಅದೇ ಅಲ್ಲವೆ?

*

ಲೋಧಿ ಕಾಲೊನಿಯ ನೆರಳಲ್ಲಿ ನಾನು ಕಾಯುತ್ತಿದ್ದ ಆ ಮಗಳಿಗೆ ಈಗ 24 ವರ್ಷ. ಗುರುಗ್ರಾಮದಲ್ಲಿ ಕೆಲಸ. ಅವಳ ಲೆಕ್ಕ ಫೋನಿನಲ್ಲಿದೆ. ಮುಟ್ಟಿನ ವಾರ ನಡಿಗೆ ಸಾಕು, ನಡುವಿನ ವಾರ ಜಿಮ್ಮು, ಕೊನೆಯ ವಾರ ಕುಂಬಳ ಬೀಜ ತಿನ್ನು, ಮುಖ್ಯವಾದ ಮೀಟಿಂಗನ್ನು ಇಂಥ ದಿನ ಇಟ್ಟುಕೊ ಎಂದು ಆ್ಯಪು ಹೇಳುತ್ತದೆ. ಚಕ್ರಕ್ಕೆ ತಕ್ಕಂತೆ ದಿನಚರಿ ಎನ್ನುವ ಈ ಮಾತು 2013ರಲ್ಲಿ ಅಮೆರಿಕದ ಅಲಿಸಾ ವಿಟ್ಟಿ ಬರೆದ ಪುಸ್ತಕದಿಂದ ಜನಪ್ರಿಯವಾಯಿತು. ಅದರಲ್ಲಿ ಹೇಳುವ ಊಟ ವ್ಯಾಯಾಮದ ವಿವರಗಳಿಗೆ ವಿಜ್ಞಾನದ ಆಧಾರ ತೆಳು. ಆದರೆ ಅವಳು ತನ್ನ ಮೈಯನ್ನು ಗಮನಿಸುತ್ತಾಳೆ, ನೋವಿದ್ದ ದಿನ ನೋವಿದೆ ಎಂದು ಬಾಯಿಬಿಟ್ಟು ಹೇಳುತ್ತಾಳೆ. ನನ್ನ ಅಮ್ಮನಿಗೆ ಅದು ಆಗುತ್ತಿರಲಿಲ್ಲ, ನನಗೂ ಬಹಳ ವರ್ಷ ಆಗಲಿಲ್ಲ.

ಆದರೂ ಹಳೆಯ ಪ್ರಶ್ನೆ ಹೋಗಿಲ್ಲ. ಲೆಕ್ಕ ಯಾರದು, ಅದನ್ನು ನೋಡುವವರು ಯಾರು? 2021ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೆಸರಾಂತ ಆ್ಯಪೊಂದರ ಮೇಲಿನ ಪ್ರಕರಣವನ್ನು ಇತ್ಯರ್ಥ ಮಾಡಿತು. ಹೆಂಗಸರು ಗುಟ್ಟಾಗಿ ಬರೆದಿಟ್ಟ ವಿವರಗಳು ಜಾಹೀರಾತು ಕಂಪನಿಗಳ ಕೈಗೆ ಹೋಗಿದ್ದವು ಎಂಬುದು ಆರೋಪ. ಮತ್ತೆ ಕೊರಳಲ್ಲಿ ನೇತಾಡುವ ಸರವೇ ಆಯಿತಲ್ಲ. ರಜೆಯ ಮಾತೂ ಹಾಗೆಯೇ. ಬಿಹಾರ 1992ರಲ್ಲೇ ಸರ್ಕಾರಿ ನೌಕರಿಯ ಹೆಂಗಸರಿಗೆ ತಿಂಗಳಿಗೆ ಎರಡು ದಿನ ಕೊಟ್ಟಿತು. ನಮ್ಮ ಕರ್ನಾಟಕದ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನದ ಸಂಬಳ ಸಹಿತ ರಜೆಗೆ ಒಪ್ಪಿಗೆ ಕೊಟ್ಟಿತು. ಸಂತೋಷವಾಯಿತು. ಆದರೆ ರಜೆ ಇದೆ ಎಂದು ಗೊತ್ತಿದ್ದರೆ ಸಾಲದು, ಕೇಳಿದಾಗ ಮೇಲಧಿಕಾರಿ ಮುಖ ಸಿಂಡರಿಸದೆ ಕೊಡಬೇಕು. ಇಲ್ಲವಾದರೆ ಅದೂ ಬಾಗಿಲ ಹಿಂದಿನ ಗೆರೆಯಾಗಿಯೇ ಉಳಿಯುತ್ತದೆ.

ಹೋದ ತಿಂಗಳು ಮಗಳನ್ನು ಕರೆದುಕೊಂಡು ಲೋಧಿ ಕಾಲೊನಿಗೆ ಹೋಗಿದ್ದೆ. ಚಿತ್ರಗಳ ಗೋಡೆಗಳ ನಡುವೆ ನಡೆಯುತ್ತ ಈ ಕಥೆಯನ್ನೆಲ್ಲ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಮುತ್ತಜ್ಜಿಯ ಆ ಬಾಗಿಲು ಇನ್ನೂ ಇದೆಯಾ ಅಮ್ಮ?" ಎಂದಳು. ಮನೆ ಪಾಲಾಗಿ, ಕೆಡವಿ, ಈಗ ಅಲ್ಲಿ ಮೋಲ್ಡಿನ ಮನೆ ಎದ್ದಿದೆ. ಬಾಗಿಲು ಎಲ್ಲಿ ಹೋಯಿತೋ. ಗೋಡೆಗೆ ಸುಣ್ಣ ಬಳಿಯುವಾಗಲೂ ಅಜ್ಜಿ ಆ ಜಾಗವನ್ನು ಬಿಟ್ಟು ಬಳಿಸುತ್ತಿದ್ದರು ಎಂದು ಮಾತ್ರ ಅವಳಿಗೆ ಹೇಳಿದೆ.